ಡಾಂಬರು ಜಗಿದು ಹೇಳುತ್ತಿದ್ದವರು

ಸುದ್ದಿ ಹೇಳಿದವನು ನಮ್ಮ ಇಲಾಖೆಯ ಹಳೆಯ ರೋಲರ್ ಡ್ರೈವರ್. ಗೋಕಾಕದ ಸ್ಟ್ಯಾಂಡಿನಲ್ಲಿ ಹುಕ್ಕೇರಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಅವನು ಹತ್ತಿರ ಬಂದು ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಮೂಡಲಗಿ ಅಣ್ಣಾರು ಹೋದ್ರಂತ್ರಿ ಸಾಹೇಬ್ರ. ತಿಂಗಳಾತಂತ" ಎಂದ. ಇನ್ನಷ್ಟು ಹತ್ತಿರ ಸರಿದು ಮುಂದುವರಿಸಿದ. "ಡಾಂಬರ ತಿಂದ ತಿಂದ ಹೊಟ್ಟಿ ಕೆಟ್ಟಿತ್ತಂತ. ಮಂದಿ ಹಂಗ ಅಂತಾರ್ರಿ."

ಮಂದಿ! ನನಗೆ ಮೈಯೆಲ್ಲ ಉರಿಯಿತು. ಡಾಂಬರು ಅವರ ಹೊಟ್ಟೆಗೆ ಒಂದು ಗುಂಜಿಯಷ್ಟೂ ಇಳಿದದ್ದಿಲ್ಲ. ಜಗಿಯುತ್ತಿದ್ದರು, ಉಗುಳುತ್ತಿದ್ದರು, ಬಾಯಿ ಮುಕ್ಕಳಿಸುತ್ತಿದ್ದರು. ಡಾಂಬರು ತಿಂದವರು ಬೇರೆ. ಅವರು ಡ್ರಮ್ಮುಗಟ್ಟಲೆ ತಿಂದು ಅರಗಿಸಿಕೊಂಡು ಇವತ್ತಿಗೂ ಗುಂಡುಕಲ್ಲಿನ ಹಾಗಿದ್ದಾರೆ. ಅವರ ಪೈಕಿ ಒಬ್ಬರಿಗೂ ಹೊಟ್ಟೆನೋವು ಬಂದದ್ದನ್ನು ನಾನು ಕೇಳಿಲ್ಲ.

ಈ ಮನುಷ್ಯನ ಹೆಸರನ್ನು ನಾನು ಬರೆಯುವುದಿಲ್ಲ. ಅದು ಕಡೆಯ ಸಲ ಕಾಗದದ ಮೇಲೆ ಬಂದದ್ದು ಅವರನ್ನು ನೌಕರಿಯಿಂದ ತೆಗೆದ ಹುಕುಮಿನಲ್ಲಿ. ಆ ಹುಕುಮು ಹೊರಡುವುದಕ್ಕೆ ನನ್ನ ಬಾಯಿ ಕಾರಣ. ಅದೇ ಬಾಯಿಯವನು ಕೂತು ಆ ಹೆಸರನ್ನು ಬರೆಯುವುದು ಚೆನ್ನಾಗಿ ಕಾಣುವುದಿಲ್ಲ.

ಅವರು ನಮ್ಮ ರಸ್ತೆ ಕಚೇರಿಗೆ ಬಂದದ್ದು ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ. ಕಚೇರಿ ಹುಕ್ಕೇರಿಯಲ್ಲಿತ್ತು. ನಾನು ಹಂಗಾಮಿ ಓವರ್‌ಸೀಯರ್, ಮನೆ ಗೋಕಾಕದಲ್ಲಿ. ಹಂಗಾಮಿ ಎಂದರೆ ಪಗಾರ ಬರುತ್ತದೆ, ನೆಮ್ಮದಿ ಬರುವುದಿಲ್ಲ. ಅವರು ಪರೀಕ್ಷಾ ಕೋಣೆಯ ಕೆಮಿಸ್ಟ್. ಪರೀಕ್ಷಾ ಕೋಣೆ ಎಂದ ಕೂಡಲೇ ಏನೇನೋ ಕಲ್ಪಿಸಿಕೊಳ್ಳಬೇಡಿ. ಕಚೇರಿಯ ಹಿಂದೆ ಒಂದು ತಗಡಿನ ಷೆಡ್ಡು. ಅದರಲ್ಲಿ ಒಂದು ಸ್ಟೋವು, ಒಂದು ಥರ್ಮಾಮೀಟರು, ಡಾಂಬರಿನಲ್ಲಿ ಸೂಜಿ ಎಷ್ಟು ಆಳ ಇಳಿಯುತ್ತದೆಂದು ನೋಡುವ ಒಂದು ಉಪಕರಣ, ಮತ್ತು ಅವರು. ಮೂಡಲಗಿಯ ಜೈನರು, ಒಕ್ಕಲುತನದ ಮನೆ. ಮುಂಬೈಯಲ್ಲಿ ಎಣ್ಣೆ ಕಂಪನಿಯೊಂದರ ಪ್ರಯೋಗಶಾಲೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದರು. ಅಕ್ಕ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮೇಲೆ ಅದನ್ನು ಬಿಟ್ಟು ಊರ ಕಡೆಗೆ ಬಂದವರು. ಮದುವೆಯಾಗಲಿಲ್ಲ. ನಾವೆಲ್ಲ ಅಣ್ಣಾರು ಎಂದು ಕರೆಯುತ್ತಿದ್ದೆವು. ಯಾರಾದರೂ ಸಾಹೇಬ್ರ ಎಂದರೆ, "ಸಾಹೇಬ ಬಂಗ್ಲೇದಾಗ ಅದಾನ, ಅಲ್ಲಿ ಹೋಗು" ಎಂದು ಗದರುತ್ತಿದ್ದರು.

ಡಾಂಬರಿನ ಡ್ರಮ್ಮು ಬಂದರೆ ಮೊದಲ ಪರೀಕ್ಷೆ ಅವರ ಹಲ್ಲಿನದು. ಕಡಲೆಕಾಳಿನಷ್ಟು ಚಿವುಟಿ, ತಣ್ಣೀರಿನಲ್ಲಿ ಅದ್ದಿ, ಮುಂದಿನ ಹಲ್ಲಿನಲ್ಲಿ ಹಿಡಿದು, ಕಣ್ಣು ಮುಚ್ಚಿ ಜಗಿಯುವರು. ಕರಕರ ಎಂದರೆ ಮಸಿ ಇದೆ, ಅಂದರೆ ಲಾರಿಯ ಎಂಜಿನ್ನಿನಲ್ಲಿ ಸುಟ್ಟು ಚೆಲ್ಲಿದ ಎಣ್ಣೆಯನ್ನು ಕೂಡಿಸಿದ್ದಾರೆ. ನಾಲಿಗೆಗೆ ಚುರುಕು ಹತ್ತಿದರೆ ಸೀಮೆಎಣ್ಣೆ. ಆಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು ಎಳೆ ಎಷ್ಟು ಉದ್ದ ಬರುತ್ತದೆಂದು ನೋಡುವರು. ಉಳ್ಳಾಗಡ್ಡಿ ಮುಟ್ಟದ, ಬಳ್ಳೊಳ್ಳಿ ವಾಸನೆಗೆ ಮುಖ ತಿರುಗಿಸುವ, ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಒಲ್ಲದ ಬಾಯಿ ಅದು. ರೋಲರ್ ಡ್ರೈವರ್ ಒಮ್ಮೆ ತಡೆಯಲಾರದೆ ಕೇಳಿಬಿಟ್ಟ. "ಅಣ್ಣಾರ, ಉಳ್ಳಾಗಡ್ಡಿ ನಡಿಯೂದಿಲ್ಲ, ಡಾಂಬರ ಹ್ಯಾಂಗ ನಡೀತೈತ್ರಿ?"

"ಉಳ್ಳಾಗಡ್ಡ್ಯಾಗ ಜೀವ ಐತಿ ತಮ್ಮಾ. ಇದರಾಗ ಇದ್ದ ಜೀವ ಎಲ್ಲಾ ಸತ್ತು ಕೋಟಿ ವರ್ಷ ಆಗೇತಿ. ಪಾಪ ಹತ್ತೂದಿಲ್ಲ."

ಕೆಲಸ ಮುಗಿದ ಮೇಲೆ ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮಣ್ಣು ಹಚ್ಚಿ ತಿಕ್ಕಿ, ಸಾಬೂನು ಹಾಕುತ್ತಿದ್ದರು. ಆದರೂ ವಾಸನೆ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಮಂದಿ ಸರಿದು ಕೂರುತ್ತಿದ್ದರು. ಅವರಿಗೆ ಅದರಿಂದ ಖುಷಿಯೇ. "ಆರಾಮ ಕಾಲ ಚಾಚಿ ಬಂದೆ ನೋಡು" ಎನ್ನುತ್ತಿದ್ದರು.

ಒಳ್ಳೆಯ ಮನುಷ್ಯ ಎಂದು ಹೇಳಿ ಕೈ ತೊಳೆದುಕೊಳ್ಳಲಾರೆ. ಅವರೊಂದಿಗೆ ಕೆಲಸ ಮಾಡುವುದೆಂದರೆ ಪ್ರಾಣಸಂಕಟ. ನಾಲಿಗೆಯಲ್ಲಿ ಮುಳ್ಳು ಇಟ್ಟುಕೊಂಡೇ ಹುಟ್ಟಿದವರು. ಒಮ್ಮೆ ನಾನು ರಿಜಿಸ್ಟರಿನಲ್ಲಿ ‘ಮಾಲು ಚಲೋ ಇದೆ’ ಎಂದು ಬರೆದೆ. ಎಲ್ಲರ ಎದುರಿಗೆ ಪುಟ ತೆರೆದು ಕೇಳಿದರು. "ಚಲೋ ಅಂದ್ರ ಎಷ್ಟ?"

"ಅಂದ್ರ... ಚಲೋನ ಐತ್ರಿ."

"ನಿಮ್ಮ ಮಾವಗ ಬರೀ ಹಂಗಂತ, ಹಿಗ್ಗತಾನ. ಇಲ್ಲಿ ಅಂಕಿ ಬರೀ. ಅಂದಾಜು, ಹಂಗ, ಸುಮಾರು, ಇವು ಈ ಪುಸ್ತಕದಾಗ ಬರಬಾರದು."

ಕಣ್ಣಲ್ಲಿ ನೀರು ಬಂದಿತ್ತು ನನಗೆ. ಮದುವೆಯಾಗಿ ಮೂರು ತಿಂಗಳಾಗಿದ್ದವನಿಗೆ ಮಾವನನ್ನು ತಂದು ನಡುವೆ ನಿಲ್ಲಿಸಿದರೆ ಇನ್ನೇನಾಗಬೇಕು?

ಆದರೆ ಒಂದು ವಿಷಯಕ್ಕೆ ಬಂದರೆ ಆ ಮುಖ ಸಡಿಲಾಗುತ್ತಿತ್ತು. ಷೆಡ್ಡಿನ ಗೋಡೆಗೆ ಉದ್ದುದ್ದ ಕಾಗದದ ಪಟ್ಟಿಗಳನ್ನು ಅಂಟಿಸಿದ್ದರು. ಪಟ್ಟಿಯ ತುಂಬ ಮೇಲೆದ್ದು ಕೆಳಗಿಳಿಯುವ ಚೂಪು ಗೆರೆಗಳು. ಮುಂಬೈಯ ಹಳೆಯ ಗೆಳೆಯನೊಬ್ಬ ಕಳಿಸಿದ್ದು. ಅಲ್ಲಿಯ ಪ್ರಯೋಗಶಾಲೆಗೆ ಇವರು ಬಿಟ್ಟು ಬಂದ ಮೇಲೆ ಪರದೇಶದಿಂದ ಒಂದು ಯಂತ್ರ ಬಂದಿತ್ತು, ಮಾಸ್ ಸ್ಪೆಕ್ಟ್ರೋಮೀಟರ್ ಎಂದು. ಆ ಹೆಸರು ನಮ್ಮ ಬಾಯಲ್ಲಿ ತಿರುಗದೆ ನಾವು ಅದಕ್ಕೆ ತಕ್ಕಡಿ ಎಂದೆವು. ಆ ಯಂತ್ರವನ್ನು ಅವರು ಕಣ್ಣಾರೆ ಕಂಡದ್ದಿಲ್ಲ. ಗೆಳೆಯ ಬೇಡವೆಂದು ಬಿಟ್ಟ ಪಟ್ಟಿಗಳನ್ನು ತರಿಸಿಕೊಂಡು ದಿನಾ ಓದುತ್ತಿದ್ದರು. ನಮ್ಮ ಎಂಜಿನಿಯರ್ ಸಾಹೇಬರು ಷೆಡ್ಡಿಗೆ ಬಂದವರು, "ಇದ್ಯಾರ ಜಾತಕಾರೀ?" ಎಂದು ನಕ್ಕರು. ಇವರು ನಗದೆ, "ರಸ್ತಾದ್ದರಿ" ಎಂದರು.

ನನಗೆ ತಿಳಿಸಿ ಹೇಳಿದ್ದು ಹೀಗೆ.

"ನೀ ಗೋಕಾಕದಾವ, ಕರದಂಟು ತಿಂದ ಬೆಳದಿ. ಅದರಾಗ ಏನೇನ ಹಾಕ್ಯಾರ ಅಂತ ಹ್ಯಾಂಗ ತಿಳ್ಕೋತಿ?"

"ತಿಂದ ನೋಡ್ತೇನ್ರಿ."

"ತಿನ್ನಾಕ ಬರಂಗಿಲ್ಲ, ಕಣ್ಣಿಗೆ ಕಾಣಂಗಿಲ್ಲ ಅಂತ ತಿಳಿ. ಗ್ವಾಡಿಗೆ ಒಗದ ಒಡಿ. ಚೂರೆಲ್ಲಾ ಆರಿಸಿ ಒಂದೊಂದ ತೂಗು. ಈ ತೂಕದ್ದು ಅಂಟು, ಇದು ಉತ್ತತ್ತಿ, ಇದು ಗೋಡಂಬಿ. ಈ ಯಂತ್ರಾನೂ ಅಷ್ಟ ಮಾಡತೈತಿ. ಎಣ್ಣೀನ ಉಗಿ ಮಾಡಿ, ಕರೆಂಟಿಲೆ ಹೊಡದ ಚೂರ ಮಾಡಿ, ದೊಡ್ಡ ಅಯಸ್ಕಾಂತದ ಬಾಜೂಕ ಓಡಸತೈತಿ. ಖಾಲಿ ಚಕ್ಕಡಿ ತಿರುವಿನ್ಯಾಗ ಪಟ್ನ ಹೊಳ್ಳತೈತಿ. ಕಬ್ಬ ಹೇರಿದ್ದು ದೂರ ಹೋಗಿ ಹೊಳ್ಳತೈತಿ. ಎಲ್ಲಿ ಹೊಳ್ಳತು ಅನ್ನೂದರ ಮ್ಯಾಲ ತೂಕ ತಿಳೀತೈತಿ."

ಪಟ್ಟಿಯ ಮೇಲೆ ಬೆರಳಾಡಿಸಿ ತೋರಿಸಿದರು. ಕಲ್ಲೆಣ್ಣೆಯಿಂದ, ಅಂದರೆ ನೆಲದಡಿಯ ಪೆಟ್ರೋಲಿಯಂನಿಂದ, ಬಂದ ಮಾಲಿನಲ್ಲಿ ಗೆರೆಗಳು ಮೆಟ್ಟಿಲಿನ ಹಾಗೆ ಏರುತ್ತವೆ, ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ತೂಕದಲ್ಲಿ ಹದಿನಾಲ್ಕರ ಅಂತರ. ಡಾಂಬರಿನಂಥ ಭಾರದ ಮಾಲು ಪೂರ್ತಿ ಉಗಿಯಾಗುವುದಿಲ್ಲ. ಎಷ್ಟು ಏಳುತ್ತದೆಯೋ ಅಷ್ಟನ್ನೇ ಯಂತ್ರ ಓದುತ್ತದೆ. ಆದರೆ ಅದರಲ್ಲಿ ಕಳ್ಳತನದಿಂದ ಕೂಡಿಸಿದ ಎಂಜಿನ್ ಎಣ್ಣೆ ಸುಲಭವಾಗಿ ಏಳುತ್ತದೆ, ಮೆಟ್ಟಿಲಿನ ಮೇಲೆ ತನ್ನ ಗುರುತು ಬಿಡುತ್ತದೆ. ಇದನ್ನು ಹೇಳುವಾಗ ಅವರ ದನಿಯಲ್ಲಿ ಬೈಗುಳ ಇರುತ್ತಿರಲಿಲ್ಲ. "ಪೆಟ್ರೋಲಿನ್ಯಾಗ ಏನೈತಿ ಅಂತ ಎಲ್ಲಾರೂ ಕೇಳ್ತಾರ. ಎಲ್ಲಾ ಬಸಕೊಂಡ ಮ್ಯಾಲ ತಳದಾಗ ಕರ್ರಗ ಉಳೀತೈತಲಾ, ಅದರಾಗ ಏನೈತಿ ಅಂತ ಯಾರೂ ಕೇಳಂಗಿಲ್ಲ. ನಾ ಕೇಳಾವ" ಎಂದರು.

ಕೇಳಿದರು. ಅದೇ ತಪ್ಪಾಯಿತು.

ಅರಭಾವಿಯಿಂದ ಮೂಡಲಗಿಯ ಕಡೆಗೆ ಹೊಸ ಡಾಂಬರು ರಸ್ತೆ ಆಗುತ್ತಿತ್ತು. ಮೊದಲ ಮೈಲು ಮುಗಿದ ಬೇಸಿಗೆಗೆ ಡಾಂಬರು ಬೆವರತೊಡಗಿತು. ಹೆಣ್ಣುಮಕ್ಕಳ ಚಪ್ಪಲಿ ಅಂಟಿಕೊಂಡು ಕಿತ್ತು ಬರುತ್ತಿದ್ದವು. ಮುಂಗಾರಿನ ಮೊದಲ ಹನಿಗೆ ಅದರ ಮೇಲೆ ಜಿಡ್ಡು ಎದ್ದು, ಇಳಿಜಾರಿನಲ್ಲಿ ಗೊಬ್ಬರ ಹೇರಿದ ಚಕ್ಕಡಿಯ ಎತ್ತು ಜಾರಿ ಮುಂಗಾಲು ಮುರಿದುಕೊಂಡಿತು. ನಾವಿಬ್ಬರೂ ಅಲ್ಲೇ ಇದ್ದೆವು. ಅಣ್ಣಾರು ಎತ್ತಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಯಲ್ಲೇ ಕೂತುಬಿಟ್ಟರು. ಅದರ ಒಡೆಯ ಯಾರನ್ನು ಬೈಯಬೇಕೆಂದು ತಿಳಿಯದೆ ಮಳೆಯನ್ನು ಬೈಯುತ್ತಿದ್ದ. "ಮಳೀನ ಬೈಬ್ಯಾಡೋ ಯಪ್ಪಾ" ಎಂದು ಅವರು ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ.

ಮಳೆಗಾಲ ಕಳೆದ ಮೇಲೆ ಮುಂದಿನ ಮೈಲಿಗೆ, ಮೊದಲ ಮೈಲಿನ ಗುತ್ತಿಗೆ ಹಿಡಿದಿದ್ದ ಕಂತ್ರಾಟದಾರನೇ ಡ್ರಮ್ಮುಗಳನ್ನು ತಂದಿಳಿಸಿದ. ಅಣ್ಣಾರು ಜಗಿದರು. ಕರಕರ. ಎಂಜಿನಿಯರ್ ಸಾಹೇಬರ ಹತ್ತಿರ ಹೋಗಿ ಡ್ರಮ್ಮು ತಡೆಹಿಡಿಯಿರಿ ಎಂದರು. "ಹಲ್ಲಿನ ಸಾಕ್ಷಿ ಯಾವ ಕೋರ್ಟಿನ್ಯಾಗ ನಡೀತೈತ್ರಿ?" ಎಂದರು ಸಾಹೇಬರು. ಹಾಗಾದರೆ ಮುಂಬೈಗೆ ಕಳಿಸಿ ಆ ಯಂತ್ರದಲ್ಲಿ ನೋಡಿಸುತ್ತೇನೆ ಎಂದರು ಇವರು. ಸಾಹೇಬರು ಕೈಯಾಡಿಸಿ, "ಕಳಿಸ್ರಿ, ನೋಡೂಣು" ಎಂದರು. ಕಾಗದದ ಮೇಲೆ ಬರೆದುಕೊಡಲಿಲ್ಲ.

ಮಾದರಿ ತುಂಬುವ ಡಬ್ಬಿಗಳು ಸ್ಟೋರಿನಲ್ಲಿ ಮುಗಿದಿದ್ದವು. ಬೇಡಿಕೆಯ ಪತ್ರ ಎಲ್ಲೋ ಮಲಗಿತ್ತು. ತಡಮಾಡಿದರೆ ಡ್ರಮ್ಮುಗಳು ರಾತ್ರೋರಾತ್ರಿ ಬದಲಾಗುತ್ತವೆ ಎಂದು ಅಣ್ಣಾರಿಗೆ ಗೊತ್ತಿತ್ತು. ಸಂಜೆ ಬಸ್ಸು ಹತ್ತುವಾಗ ನನಗೆ ಹೇಳಿದರು. "ನಾಳಿ ಮುಂಜಾನೆ ಬರೂ ಮುಂದ ಗೋಕಾಕದಾಗ ಗಟ್ಟಿ ಮುಚ್ಚಳದ ಹೊಸಾ ಡಬ್ಬಿ ಒಂದು ತೊಗೊಂಡ ಬಾ. ಹೊಸಾದು, ತಿಳೀತಿಲ್ಲೊ?"

ಮುಂಜಾನೆ ಡಬ್ಬಿಯ ಅಂಗಡಿ ತೆರೆದಿರಲಿಲ್ಲ. ಸ್ವಲ್ಪ ಹೊತ್ತು ಕಾಯಬಹುದಿತ್ತು. ಕಾದಿದ್ದರೆ ಬಸ್ಸು ತಪ್ಪುತ್ತಿತ್ತು, ಬೈಗುಳ ತಿನ್ನಬೇಕಾಗುತ್ತಿತ್ತು. ಮನೆಗೆ ಬಂದು ಗೊಣಗಿದೆ. ನನ್ನ ಹೆಂಡತಿ, "ಎಣ್ಣಿ ಡಬ್ಬಿ ಐತಲ್ರಿ" ಎಂದು ಕುಸುಬಿ ಎಣ್ಣೆಯನ್ನು ಪಾತ್ರೆಗೆ ಸುರಿದು ಡಬ್ಬಿ ಖಾಲಿ ಮಾಡಿದಳು. ಬೂದಿ ಹಾಕಿ ತಿಕ್ಕಿದಳು, ಸೀಗೆಕಾಯಿ ಹಾಕಿ ತಿಕ್ಕಿದಳು, ಬಿಸಿನೀರಲ್ಲಿ ಅಲುಗಿಸಿ ಒರೆಸಿ ನನ್ನ ಕೈಗೆ ಕೊಟ್ಟಳು. ಕನ್ನಡಿಯಂತೆ ಹೊಳೆಯುತ್ತಿತ್ತು. "ನೋಡ್ರಿ, ಹೊಸಾದರಂಗ ಆಗೇತಿ" ಎಂದಳು. ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ರಸ್ತೆಯ ಬದಿಯಲ್ಲಿ ಡ್ರಮ್ಮು ಕಾಯಿಸಿ, ಹೊಗೆಯ ನಡುವೆ ಸೌಟು ಹಿಡಿದು ನಿಂತಿದ್ದರು ಅಣ್ಣಾರು. "ಡಬ್ಬಿ ಹೊಸಾದೇನು?" ಎಂದು ಕೇಳಿದರು.

"ಹೂಂರಿ, ಹೊಸಾದು" ಎಂದೆ.

ಹೊಸಾದರಂಗ ಎಂದಿದ್ದಳು ಹೆಂಡತಿ. ನಾನು ಅದರ ಬಾಲ ಕತ್ತರಿಸಿ ಹೊಸಾದು ಎಂದೆ. ಅಷ್ಟೇ ನಾನು ಮಾಡಿದ್ದು. ನಮ್ಮ ಕಡೆ ಯಾವ ಮನೆಯಲ್ಲಾದರೂ ತಿಕ್ಕಿ ಬೆಳಗಿದ ಪಾತ್ರೆಗೆ ಹೀಗೇ ಅನ್ನುತ್ತಾರೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಣ್ಣಾರು ಡಬ್ಬಿಯನ್ನು ಮೂಸಿ ನೋಡಲಿಲ್ಲ. ಕಂಡದ್ದನ್ನೆಲ್ಲ ಮೂಸುತ್ತಿದ್ದ ಮನುಷ್ಯ ನನ್ನ ಮಾತನ್ನು ಮಾತ್ರ ಮೂಸದೆ ತೆಗೆದುಕೊಂಡರು. ಕುದಿಯುವ ಡಾಂಬರು ಸುರಿದು, ಮುಚ್ಚಿ, ಅರಗು ಹಾಕಿ, ರಿಜಿಸ್ಟರಿನಲ್ಲಿ ತಮ್ಮ ಕೈಯಿಂದ ‘ಹೊಸ ಡಬ್ಬಿ’ ಎಂದು ಬರೆದು ಸಹಿ ಮಾಡಿದರು.

ಕುಸುಬಿ ಎಣ್ಣೆಗೆ ಒಂದು ಗುಣ ಇದೆ. ಡಬ್ಬಿಯ ಬೆಸುಗೆಯ ಸಂದಿಯಲ್ಲಿ ತಿಂಗಳುಗಟ್ಟಲೆ ಕೂತರೆ ಒಣಗಿ ವಾರ್ನಿಷಿನ ಹಾಗೆ ಗಟ್ಟಿಯಾಗುತ್ತದೆ. ಬೂದಿಗೆ ಬಗ್ಗುವುದಿಲ್ಲ, ಸೀಗೆಕಾಯಿಗೆ ಬಗ್ಗುವುದಿಲ್ಲ. ಕುದಿಯುವ ಡಾಂಬರಿಗೆ ಮಾತ್ರ ಬಗ್ಗುತ್ತದೆ. ಇದನ್ನು ನಾನು ಕಲಿತದ್ದು ಆಮೇಲೆ.

ಮುಂಬೈಯಿಂದ ಪಟ್ಟಿ ಬಂತು, ಜೊತೆಗೆ ಪತ್ರ. ಗೆಳೆಯ ಪ್ರಾಮಾಣಿಕ ಮನುಷ್ಯ, ಕಂಡದ್ದನ್ನು ಬರೆದಿದ್ದ. ಡಾಂಬರಿನಲ್ಲಿ ಎಂಜಿನ್ ಎಣ್ಣೆಯ ಗುರುತು ಇದೆ, ಅದರ ಜೊತೆಗೆ ಸಸ್ಯದ ಎಣ್ಣೆಯೂ ಇದೆ ಎಂದು. ಪತ್ರ ಬಂದದ್ದು ಕಚೇರಿಯ ವಿಳಾಸಕ್ಕೆ, ಒಡೆದದ್ದು ಎಂಜಿನಿಯರ್ ಸಾಹೇಬರು, ಸಂಜೆಯೊಳಗೆ ಅದು ಕಂತ್ರಾಟದಾರನ ಕೈಯಲ್ಲಿತ್ತು. ಅವನು ಕಚೇರಿಯ ವರಾಂಡದಲ್ಲಿ ನಿಂತು ಕೂಗಿದ್ದನ್ನು ಹುಕ್ಕೇರಿಯ ಸಂತೆಗೆ ಬಂದವರೆಲ್ಲ ಕೇಳಿದರು.

"ಅಡಗಿ ಎಣ್ಣೀರೀ! ಡಾಂಬರದಾಗ ಅಡಗಿ ಎಣ್ಣಿ! ಡಾಂಬರಕಿಂತ ತುಟ್ಟಿ ಮಾಲು ಅದರಾಗ ಹಾಕಾಕ ನನಗೇನ ಹುಚ್ಚ ಹಿಡದೈತೇನ್ರಿ? ನಾ ಹಾಕಿಲ್ಲಂದ್ರ ಯಾರ ಹಾಕಿದ್ರು? ಡಬ್ಬಿಗೆ ಅರಗ ಹಾಕಿದವರ ಹಾಕಿರಬೇಕಲ್ಲ!"

ಹಾಳಾದವನ ಮಾತಿನಲ್ಲಿ ತರ್ಕ ಇತ್ತು. ಮಾದರಿಯನ್ನು ಬೇಕೆಂದೇ ಕೆಡಿಸಿದರು, ಅಪ್ಪಣೆ ಇಲ್ಲದೆ ಹೊರಗಿನವರಿಗೆ ಕಳಿಸಿದರು ಎಂದು ಅಣ್ಣಾರ ಮೇಲೆ ಆರೋಪ ಬಂತು. ಸಾಹೇಬರಿಗೆ ತಾವು ಕೈಯಾಡಿಸಿದ್ದು ನೆನಪಿರಲಿಲ್ಲ. ಡಬ್ಬಿ ಹೊಸದು ಎಂದು ಅಣ್ಣಾರೇ ಬರೆದಿದ್ದರು. ಹೊಸ ಡಬ್ಬಿಗೆ ಎಣ್ಣೆ ಎಲ್ಲಿಂದ ಬರಬೇಕು?

ಮರುದಿನ ಅಣ್ಣಾರು ನನ್ನನ್ನು ಷೆಡ್ಡಿಗೆ ಕರೆದರು. ಪಟ್ಟಿ ಮೇಜಿನ ಮೇಲೆ ಹಾಸಿತ್ತು. ಮೆಟ್ಟಿಲು ತಪ್ಪಿ ನಿಂತ ಕೆಲವು ಗೆರೆಗಳ ಮೇಲೆ ಬೆರಳಿಟ್ಟು ಕೂತಿದ್ದರು.

"ಇವು ಕಲ್ಲೆಣ್ಣಿ ವಂಶದವಲ್ಲ. ಶೇಂಗಾ ಅಲ್ಲ, ಅಗಸಿ ಅಲ್ಲ. ಕುಸುಬಿ. ನಮ್ಮ ಹೊಲದಾಗ ಬೆಳೀತೇವಿ, ನನಗ ಗೊತ್ತಾಗಂಗಿಲ್ಲೇನು? ಡಬ್ಬಿ ಯಾವುದಪಾ?"

ನಾನು ಎಲ್ಲವನ್ನೂ ಹೇಳಿದೆ. ಅಂಗಡಿ ತೆರೆಯದ್ದು, ಹೆಂಡತಿ ತಿಕ್ಕಿದ್ದು, ಹೊಸಾದರಂಗ ಎಂದದ್ದು. ಹೇಳುತ್ತ ಅತ್ತೆ. ಬೈಯುತ್ತಾರೆಂದು ಕಾಯುತ್ತಿದ್ದೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಬೈಯಲಿಲ್ಲ.

"ಅಳಬ್ಯಾಡ. ತಪ್ಪ ನಿಂದೂ ಐತಿ, ನಂದೂ ಐತಿ. ನಾ ಮೂಸಿ ನೋಡಬೇಕಾಗಿತ್ತು. ಈಗ ವಿಚಾರಣೇದಾಗ ಒಂದ ಮಾತ ಹೇಳು. ಡಬ್ಬಿ ನಮ್ಮ ಮನೀದು, ಅದರಾಗ ಕುಸುಬಿ ಎಣ್ಣಿ ಇತ್ತು. ಅಷ್ಟ. ಆ ಗೆರಿ ತಗದ ಬಾಜೂಕ ಇಟ್ರ ಉಳದದ್ದೆಲ್ಲಾ ಸುಟ್ಟ ಎಂಜಿನ್ ಎಣ್ಣಿ. ಅದನ್ನ ಯಾರೂ ಅಲ್ಲಗಳಿಯಾಕ ಬರಂಗಿಲ್ಲ. ಹೇಳ್ತಿಯಲಾ?"

"ಹೇಳ್ತೇನ್ರಿ ಅಣ್ಣಾರ."

"ನಿಂಗೇನೂ ಆಗಂಗಿಲ್ಲ. ಭಾಳಂದ್ರ ಒಂದ ಬೈಗಳ."

ವಿಚಾರಣೆಯ ಹಿಂದಿನ ದಿನ ಎಂಜಿನಿಯರ್ ಸಾಹೇಬರು ನನಗೆ ಚಹ ತರಿಸಿದರು. ಅದಕ್ಕೂ ಮೊದಲು ಅವರ ಎದುರಿಗೆ ನಾನು ಕುರ್ಚಿಯಲ್ಲಿ ಕೂತದ್ದೇ ಇಲ್ಲ. "ನಿಮ್ಮ ಖಾಯಂ ಆರ್ಡರ್ ನನ್ನ ಟೇಬಲ್ ಮ್ಯಾಲ ಐತಿ ನೋಡ್ರಿ. ಡಬ್ಬಿ ಗಿಬ್ಬಿ ಅಂತ ಯಾಕ ಮೈಮ್ಯಾಲ ಹಾಕ್ಕೋತೀರಿ? ನೆನಪಿಲ್ಲ ಅಂದ್ರ ಅದು ಸುಳ್ಳ ಆಗಂಗಿಲ್ಲ. ಮನಶ್ಯಾಗ ಮರವು ಇರೂದ" ಎಂದರು. ಚಹ ಚೆನ್ನಾಗಿತ್ತು. ಪೂರ್ತಿ ಕುಡಿದೆ.

ವಿಚಾರಣೆ ನಡೆದದ್ದು ಹುಕ್ಕೇರಿಯ ಪ್ರವಾಸಿ ಬಂಗಲೆಯಲ್ಲಿ. ಮೇಲಿನಿಂದ ಬಂದ ಅಧಿಕಾರಿ ಸಭ್ಯ ಮನುಷ್ಯ, ನಿಧಾನವಾಗಿ ಕೇಳಿದರು. ಮಾದರಿ ತುಂಬಿದ ಡಬ್ಬಿಯನ್ನು ಎಲ್ಲಿಂದ ತರಲಾಯಿತು? ಅಣ್ಣಾರು ಎದುರಿನ ಬೆಂಚಿನ ಮೇಲೆ ಕೂತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ, ನೋಡುವ ಅಗತ್ಯ ಇದೆ ಎಂದು ಅವರಿಗೆ ಅನ್ನಿಸಿರಲಿಲ್ಲ. ಕಿಟಕಿಯ ಆಚೆ ಕಣಗಲಾ ಕಡೆಯಿಂದ ಬಂದ ಜನ ಯಾವುದೋ ಅರ್ಜಿ ಹಿಡಿದು ಕಾಯುತ್ತಿದ್ದರು.

"ನೆನಪಿಲ್ಲರಿ" ಎಂದೆ. ಅಧಿಕಾರಿ ತಲೆ ಎತ್ತಿದರು. "ಸ್ಟೋರಿನ್ಯಾಗಿಂದ ಇದ್ದಿರಬೇಕ್ರಿ" ಎಂದು ಅದಕ್ಕೆ ಕೂಡಿಸಿದೆ. ಯಾರೂ ಕೇಳಿರಲಿಲ್ಲ ಅದನ್ನು. ನಾನಾಗಿ ಕೂಡಿಸಿದೆ.

ಆಗ ಅಣ್ಣಾರು ನನ್ನನ್ನು ನೋಡಿದರು. ಬಲಗೈಯ ಎರಡು ಬೆರಳುಗಳು ಡಾಂಬರಿನ ಎಳೆ ಎಳೆಯುವ ಹಾಗೆ ಒಂದನ್ನೊಂದು ಉಜ್ಜಿ ಬೇರಾದವು. ಈ ಸಾಕ್ಷಿಯನ್ನು ಏನಾದರೂ ಕೇಳುವುದಿದೆಯೇ ಎಂದು ಅಧಿಕಾರಿ ಅವರನ್ನು ಕೇಳಿದರು. ಕೇಳಬಹುದಿತ್ತು. ಎರಡು ಪ್ರಶ್ನೆ ಹಾಕಿದ್ದರೆ ನಾನು ಅಲ್ಲೇ ಅತ್ತು ಎಲ್ಲವನ್ನೂ ಒಪ್ಪಿಕೊಳ್ಳುತ್ತಿದ್ದೆ, ಅದು ಅವರಿಗೂ ಗೊತ್ತಿತ್ತು.

"ಏನಿಲ್ಲರಿ. ಇವರ ಮಾತಿನ್ಯಾಗ ಏನ ಕೂಡೇತಿ ಅನ್ನೂದು ನನಗ ಗೊತ್ತಾತು" ಎಂದರು. ಅಧಿಕಾರಿಗೆ ಅರ್ಥವಾಗಲಿಲ್ಲ, ಬರೆದುಕೊಳ್ಳಲೂ ಇಲ್ಲ.

ಹೆಂಡತಿಯ ಹೆಸರು ಕಚೇರಿಯ ಬಾಯಿಗೆ ಬರಬಾರದೆಂದು ಸುಮ್ಮನಾದೆ ಎಂದು ನನಗೆ ನಾನೇ ಕೆಲವು ವರ್ಷ ಹೇಳಿಕೊಂಡೆ. ಥೂ, ಅದೂ ಸುಳ್ಳು. ಅವಳು ಅದೇ ದಿನ ಸಂಜೆ, "ಹೇಳಿದ್ರೇನ್ರಿ, ಡಬ್ಬಿ ನಮ್ದು ಅಂತ?" ಎಂದು ಕೇಳಿದ್ದಳು. ನನ್ನ ಮುಖ ನೋಡಿ ಒಳಗೆ ಹೋದಳು. ನನ್ನ ಖಾಯಂ ಆರ್ಡರ್ ಬಂದ ದಿನ ಅವಳು ಸಿಹಿ ಮಾಡಲಿಲ್ಲ. ನಾನೂ ಕೇಳಲಿಲ್ಲ.

ಅಣ್ಣಾರ ನೌಕರಿ ಹೋಯಿತು. ಗೋಡೆಯ ಪಟ್ಟಿಗಳನ್ನು ಒಂದೊಂದಾಗಿ ನೀರು ಹಚ್ಚಿ ಬಿಡಿಸಿ, ಸುರುಳಿ ಸುತ್ತಿ, ಕಂಕುಳಲ್ಲಿ ಹಿಡಿದು ಬಸ್ಸು ಹತ್ತಿದರು. ಕಳಿಸಲು ಸ್ಟ್ಯಾಂಡಿಗೆ ಹೋದವನು ರೋಲರ್ ಡ್ರೈವರ್ ಒಬ್ಬನೇ. ಆ ಡ್ರಮ್ಮುಗಳ ಡಾಂಬರನ್ನೇ ಮುಂದಿನ ಮೈಲಿಗೆ ಹಾಕಲಾಯಿತು. ಮೇಲೆ ನಿಂತು ಹಾಕಿಸಿದವನು ನಾನು, ಆಗ ಖಾಯಂ ಓವರ್‌ಸೀಯರ್. ಬೇಸಿಗೆಯಲ್ಲಿ ಆ ದಾರಿಯಲ್ಲಿ ಸೈಕಲ್ ತುಳಿದರೆ ಗಾಲಿ ಚರಚರ ಅಂಟುತ್ತ ಬರುತ್ತದೆ. ನಾನು ದಾರಿಯ ಬದಿಯ ಮಣ್ಣಿನಲ್ಲಿ ತುಳಿಯುತ್ತೇನೆ.

ಮೂಡಲಗಿಯಲ್ಲಿ ಅವರು ಪಂಪಿನ ಎಂಜಿನ್ನುಗಳಿಗೆ ಬೇಕಾದ ಎಣ್ಣೆ ಗ್ರೀಸುಗಳ ಸಣ್ಣ ಅಂಗಡಿ ಹಾಕಿದರು. ನಡೆಯುವ ಅಂಗಡಿಯಲ್ಲ. ರೈತರು ಹಳೆಯ ಎಣ್ಣೆ ಶೀಸೆಯಲ್ಲಿ ತಂದು, ಬದಲಾಯಿಸಬೇಕೇನ್ರಿ ಎಂದು ಕೇಳಿದರೆ, ಎರಡು ಬೆರಳಿನಲ್ಲಿ ಉಜ್ಜಿ, "ಇನ್ನ ಎಂಟ ದಿವಸ ನಡೀತೈತಿ, ಯಾಕ ಸುಮ್ಮನ ಖರ್ಚ ಮಾಡ್ತಿ, ಹೋಗು" ಎಂದು ಕಳಿಸುತ್ತಿದ್ದರಂತೆ. ಎಂಟು ದಿನದ ಮೇಲೆ ಆ ರೈತ ಬೇರೆ ಅಂಗಡಿಯಲ್ಲಿ ಕೊಳ್ಳುತ್ತಿದ್ದ.

ನಾನು ಒಂದೇ ಒಂದು ಸಲ ಅಲ್ಲಿಗೆ ಹೋದೆ. ಹೇಳಬೇಕಾದ ಮಾತನ್ನು ಅರಭಾವಿಯಿಂದಲೇ ಬಾಯಿಪಾಠ ಮಾಡುತ್ತ ಹೋಗಿದ್ದೆ. ಅವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು, ಬಡವಾಗಿದ್ದರು. ಮುಖ ಎತ್ತಿ ನೋಡಿದರು. "ಬರ್ರಿ. ಏನ ಬೇಕಾಗಿತ್ರಿ?" ಎಂದರು.

ಬರ್ರಿ! ನಾಲ್ಕು ವರ್ಷ ‘ನೀ’ ಎಂದು, ‘ಏನಪಾ’ ಎಂದು, ‘ಮೂರ್ಖಾ’ ಎಂದು ಕರೆದ ಬಾಯಿ. ಅಪರಿಚಿತ ಗಿರಾಕಿಗೆ ಕೊಡುವ ಮರ್ಯಾದೆಯನ್ನು ಅಳತೆ ಮಾಡಿ ನನಗೆ ಕೊಟ್ಟರು. ಕಪಾಳಕ್ಕೆ ಹೊಡೆದಿದ್ದರೂ ನಿಂತಿರುತ್ತಿದ್ದೆ. "ಸೈಕಲ್ಲಿಗೆ ಎಣ್ಣೀರಿ" ಎಂದೆ. ಸಣ್ಣ ಶೀಸೆ ತೆಗೆದು ಕೊಟ್ಟರು, ಚಿಲ್ಲರೆ ಕೊಟ್ಟರು. "ಮತ್ತೇನರೆ ಬೇಕೇನ್ರಿ?" ಎಂದು ಕೇಳಿದರು. ಇಲ್ಲ ಎಂದು ಬಂದೆ.

ಜೈನರಲ್ಲಿ ಒಂದು ಪದ್ಧತಿ ಇದೆ. ಭಾದ್ರಪದದಲ್ಲಿ ಹತ್ತು ದಿನದ ಪರ್ವ ಮುಗಿದ ಮೇಲೆ ಕ್ಷಮೆಯ ದಿನ ಬರುತ್ತದೆ. ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಬೇಕು ಎಂದು ಎಲ್ಲರನ್ನೂ ಬೇಡಿಕೊಳ್ಳುತ್ತಾರೆ, ದೂರ ಇದ್ದವರಿಗೆ ಕಾರ್ಡು ಬರೆಯುತ್ತಾರೆ. ಅಣ್ಣಾರು ವರ್ಷವಿಡೀ ಎಲ್ಲರನ್ನೂ ಬೈದು ಆ ದಿನ ಎಲ್ಲರಿಗೂ ಕಾರ್ಡು ಹಾಕುತ್ತಿದ್ದರು. ನೌಕರಿ ಹೋದ ಮೇಲೂ ಅದು ನಿಲ್ಲಲಿಲ್ಲ. ಹುಕ್ಕೇರಿಯ ಕಾರಕೂನನಿಗೆ ಬರುತ್ತಿತ್ತು, ರೋಲರ್ ಡ್ರೈವರಿಗೆ ಬರುತ್ತಿತ್ತು. ಕಂತ್ರಾಟದಾರನಿಗೂ ಬಂತು. ಅವನು ಅದನ್ನು ಜೇಬಿನಲ್ಲಿಟ್ಟುಕೊಂಡು, "ನೋಡ್ರಿ, ಕಡೀಕ ಕ್ಷಮಾ ಬೇಡ್ಯಾನ" ಎಂದು ಊರೆಲ್ಲ ತೋರಿಸಿಕೊಂಡು ಬಂದ. ನನಗೆ ಬರಲಿಲ್ಲ. ಪ್ರತಿ ವರ್ಷ ಆ ವಾರ ಅಂಚೆಯವನು ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಒಂದು ಕಾರ್ಡು ಬಂದರೆ ಸಾಕಿತ್ತು. ನನ್ನನ್ನೂ ಕ್ಷಮಿಸಿರಿ ಎಂದು ತಿರುಗಿ ಬರೆಯಲು ಒಂದು ನೆಪ ಸಿಗುತ್ತಿತ್ತು. ಅವರು ನನ್ನನ್ನು ಮನುಷ್ಯರ ಲೆಕ್ಕದಿಂದಲೇ ತೆಗೆದಿದ್ದಾರೆ ಎಂದುಕೊಂಡೆ. ಕ್ರಮೇಣ ನನಗೇ ಅವರ ಮೇಲೆ ಸಿಟ್ಟು ಬಂತು. ಕಂತ್ರಾಟದಾರನಿಗಿಂತ ಕಡೆಯಾದೆನೇ ನಾನು, ಎಂಥ ಧರ್ಮ ಇವರದು ಎಂದು. ಹೌದು, ನನಗೆ ಸಿಟ್ಟು ಬಂತು. ನಾಚಿಕೆಗೆಟ್ಟವನಿಗೆ ಏನು ಬೇಕಾದರೂ ಬರುತ್ತದೆ.

ಸುದ್ದಿ ಕೇಳಿದ ದಿನ ಹುಕ್ಕೇರಿ ಬಸ್ಸು ಹತ್ತಲಿಲ್ಲ. ಮೂಡಲಗಿಗೆ ಹೋದೆ.

ಅಕ್ಕನವರು ಪಡಸಾಲೆಯಲ್ಲಿ ಕೂತು ಕುಸುಬಿಯ ಕಾಳು ಹಸನು ಮಾಡುತ್ತಿದ್ದರು. ಯಾರೆಂದು ಕೇಳಿದರು. ಹೆಸರು ಹೇಳಿದೆ. ಮೊರವನ್ನು ಬದಿಗಿಟ್ಟು ಎದ್ದು ಹೋಗಿ ನೀರು ತಂದುಕೊಟ್ಟರು. ಕುಡಿಯಲಾಗಲಿಲ್ಲ. ತಂಬಿಗೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ.

"ಅಕ್ಕಾರ, ಆ ಡಬ್ಬಿ ನಮ್ಮ ಮನೀದ್ರಿ. ಅದರಾಗ ಕುಸುಬಿ ಎಣ್ಣಿ ಇತ್ರಿ."

"ಗೊತ್ತೈತ್ರಿ" ಎಂದರು. "ತಮ್ಮ ಅವತ್ತ ನನಗ ಹೇಳಿದ್ದ. ಈಗ ನನ್ನ ಮುಂದ ಹೇಳಿ ಏನ ಮಾಡೂದ್ರಿ?"

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದಕ್ಕೇ ನನಗೆ ಧೈರ್ಯ ಬಂತು. ಎಲ್ಲರಿಗೂ ಕಾರ್ಡು ಹಾಕುತ್ತಿದ್ದರಲ್ಲ, ನನಗೊಬ್ಬನಿಗೆ ಯಾಕೆ ಹಾಕಲಿಲ್ಲ, ಅಷ್ಟು ದ್ವೇಷ ಇತ್ತೇ ಎಂದು ಕೇಳಿಯೇ ಬಿಟ್ಟೆ.

"ದ್ವೇಷಾ?" ಅಕ್ಕನವರು ನನ್ನನ್ನು ಪಾಪದವನನ್ನು ನೋಡುವ ಹಾಗೆ ನೋಡಿದರು. "ನಾನೂ ಕೇಳಿದ್ನಿರಿ. ಆ ಕಂತ್ರಾಟದಾರಗೂ ಹಾಕ್ತಿ, ಆ ಹುಡುಗಗೊಂದು ಬರದ ಹಾಕೋ ಅಂತ. ‘ಕಂತ್ರಾಟದಾರಗ ನಾ ಮನಸಾಗ ಭಾಳ ಬೈದೇನಿ ಅಕ್ಕಾ, ಅದು ತಪ್ಪು, ಬೇಡಬೇಕು. ಇವಗ ನಾ ಏನ ತಪ್ಪ ಮಾಡೇನಿ? ಮಾಡಲಾರದ ತಪ್ಪಿಗೆ ಕ್ಷಮಾ ಬೇಡಿದ್ರ ಸುಳ್ಳ ಬರದಂಗಾಕ್ಕತಿ. ಅವಾ ಮೊದಲ ಬರೀಲಿ, ನಾ ಅವತ್ತ ಜವಾಬ ಹಾಕ್ತೇನಿ’ ಅಂದ. ನಿಮ್ಮ ವಿಳಾಸ ಬರದ ಒಂದ ಕಾರ್ಡ ಇಟ್ಟಿದ್ದನ್ರಿ, ಹಿಂದ ಖಾಲಿ. ಪ್ರತಿ ವರ್ಷ ಆ ವಾರ ಪೋಸ್ಟಿನಾವ ಬರೂ ಹೊತ್ತಿಗೆ ಅಂಗಡಿ ಬಿಟ್ಟ ಮನೀಗಿ ಬಂದ ಕುಂದರತಿದ್ದ."

ಗೋಕಾಕದಲ್ಲಿ ನನ್ನ ಮನೆಯಿಂದ ಅಂಚೆ ಕಚೇರಿಗೆ ನೂರು ಹೆಜ್ಜೆಯೂ ಇಲ್ಲ.